ರೊಟ್ಟಿ ಮಾರಿ ಕೂಡಿಸಿದ ದುಡ್ಡು: ಹೊಸ ಬೋರ್ ಹಾಕಿಸೋದಾ, ಹಳೆ ಬಾವಿಯ ಹೂಳು ತೆಗೆಸೋದಾ?

ಡೋಣಿ ದಂಡೆ
ಎಲ್ಲರಿಗೂ ಶರಣು. ನಾವು ವಿಜಯಪುರದ ಒಂದೇ ಓಣಿಯ 14 ಹೆಣ್ಣುಮಕ್ಕಳು. ನನ್ನ ತವರೂರಿಗೆ ಕುಡಿಯುವ ನೀರಿನ ವ್ಯವಸ್ಥೆ ಮಾಡಬೇಕು ಅಂತ ಹೊರಟಿದ್ದೇವೆ. ಊರು ಬಸವನ ಬಾಗೇವಾಡಿ ತಾಲೂಕಿನಲ್ಲಿದೆ, 62 ಮನೆ. ಹೆಸರು ಬರೆಯುವುದಿಲ್ಲ, ಊರವರಿಗೆ ಬೇಜಾರಾಗುತ್ತದೆ.

ನಮ್ಮದು ಡೋಣಿ ಹೊಳೆಯ ಸೀಮೆ. ಡೋಣಿ ಬೆಳೆದರೆ ಓಣೆಲ್ಲಾ ಕಾಳು ಅಂತಾರಲ್ವಾ, ಆ ಮಾತು ನಿಜ. ಎರೆಭೂಮಿ ಬಂಗಾರದಂಥದ್ದು. ಆದರೆ ನೀರು ಸವಳು. ಊರೊಳಗಿನ ಬೋರಿನ ನೀರಿನಲ್ಲಿ ತೊಗರಿಬೇಳೆ ಬೇಯುವುದಿಲ್ಲ, ಸಾಬೂನು ನೊರೆ ಬಿಡುವುದಿಲ್ಲ. ನಲ್ಲಿ ಹಾಕಿದ್ದಾರೆ, ಊರು ಪೈಪಿನ ಕೊನೆಗೆ ಇರುವುದರಿಂದ ಎಂಟು ದಿನಕ್ಕೊಮ್ಮೆ ಬಂದರೆ ಪುಣ್ಯ. ಹೆಂಗಸರು ಒಂದೂವರೆ ಕಿಲೋಮೀಟರ್ ದೂರದ ಹೊಲದ ಬಾವಿಗೆ ತಳ್ಳುಗಾಡಿಯಲ್ಲಿ ಆರು ಕೊಡ ಇಟ್ಟುಕೊಂಡು ಹೋಗುತ್ತಾರೆ. ಕಬ್ಬು ಕಡಿಯಲು ಗಂಡ ಹೆಂಡತಿ ಇಬ್ಬರೂ ಹೋದ ಮನೆಗಳಲ್ಲಿ ಹತ್ತು ವರ್ಷದ ಹುಡುಗಿಯರು ಆ ಗಾಡಿ ತಳ್ಳುತ್ತಾರೆ.

14 ತಿಂಗಳು ದುಡಿದು ಕೂಡಿಸಿದ್ದು ₹1,86,400. ಲೆಕ್ಕ ಹೇಳಿಬಿಡುತ್ತೇನೆ. ಕಡಕ್ ರೊಟ್ಟಿಯಿಂದ ₹1,23,000. ಶೇಂಗಾ, ಗುರೆಳ್ಳು, ಅಗಸಿ ಚಟ್ನಿಪುಡಿಯಿಂದ ₹34,000. ಒಂಬತ್ತು ಕೌದಿ ಹೊಲಿದು ಮಾರಿದ್ದು ₹14,400. ಉಳಿದ ₹15,000 ಮುಷ್ಟಿ ಜೋಳದ್ದು. ದಿನಾ ಅಡುಗೆಗೆ ಮುಂಚೆ ಒಂದು ಹಿಡಿ ಜೋಳ ಡಬ್ಬಿಗೆ ಹಾಕಿ, ತಿಂಗಳ ಕೊನೆಗೆ ಎಲ್ಲ ಸೇರಿಸಿ ಮಾರಿದ್ದು.

ಈಗ ನಮ್ಮಲ್ಲೇ ಎರಡು ಗುಂಪಾಗಿದೆ. ಒಬ್ಬ ರೈತರು ತಮ್ಮ ಹೊಲದಲ್ಲಿ ಬೋರ್ ಹಾಕಿಸಲು ಜಾಗ ಬಿಟ್ಟುಕೊಡುತ್ತೇನೆ ಎಂದಿದ್ದಾರೆ. ಊರ ನಡುವೆ ಕಲ್ಲು ಕಟ್ಟಿದ ಹಳೆ ಬಾವಿಯೂ ಇದೆ. 16 ಅಡಿ ಅಗಲ, 40 ಅಡಿ ಆಳ, ಅರ್ಧದಷ್ಟು ಹೂಳು ಮತ್ತು ಕಸ. ಯಾವುದಕ್ಕೆ ದುಡ್ಡು ಹಾಕುವುದು? ಗೊತ್ತಿದ್ದವರು ಹೇಳಿ.

ಸಿಂದಗಿ ಹುಡುಗ
ಅಕ್ಕೋರೆ, ಮೊದಲು ಕೈಮುಗಿದೆ. ರೊಟ್ಟಿ ಒಂದಕ್ಕೆ ಎಷ್ಟಕ್ಕೆ ಮಾರಿದಿರಿ?

ಡೋಣಿ ದಂಡೆ
₹8. ಹಿಟ್ಟು, ಗ್ಯಾಸು, ಪ್ಲಾಸ್ಟಿಕ್ ಚೀಲ ಕಳೆದರೆ ₹3 ಉಳಿಯುತ್ತದೆ. ಅಂದರೆ 41,000 ರೊಟ್ಟಿ. ನಮ್ಮಲ್ಲೊಬ್ಬರಿಗೆ ಬಲ ಮಣಿಕಟ್ಟು ಊದಿ ಎರಡು ತಿಂಗಳು ಬಡಿಯಲು ಆಗಲಿಲ್ಲ, ಅವರು ಕೂತು ಲೆಕ್ಕ ಬರೆದರು.

ಬೋರ್ ಗಾಡಿ
ನಾನು ಹದಿನಾರು ವರ್ಷ ಬೋರ್ ಗಾಡಿಯಲ್ಲಿ ದುಡಿದವನು. ನೇರವಾಗಿ ಹೇಳುತ್ತೇನೆ. ನೀರು ಬಿದ್ದರೂ ಬೀಳದಿದ್ದರೂ ಗಾಡಿಯವನಿಗೆ ಅಡಿ ಲೆಕ್ಕದಲ್ಲಿ ದುಡ್ಡು ಕೊಡಲೇಬೇಕು. 400 ಅಡಿ ಹೋಗಿ ಬರೀ ಧೂಳು ಬಂದರೆ ನಿಮ್ಮ ರೊಟ್ಟಿ ದುಡ್ಡಿನಲ್ಲಿ ದೊಡ್ಡ ಪಾಲು ಒಂದೇ ರಾತ್ರಿಯಲ್ಲಿ ಹೋಯಿತು. ಎರಡನೇ ಪಾಯಿಂಟ್ ಹೊಡೆಸಲು ಗತಿ ಇರುವುದಿಲ್ಲ.

ನೀರು ಬಿದ್ದಿತು ಅಂತಲೇ ಇಟ್ಟುಕೊಳ್ಳಿ. ಕೈಪಂಪಿನಲ್ಲಿ ಎತ್ತಬಹುದು ಅಂದುಕೊಂಡಿದ್ದರೆ ಕೇಳಿ, ಸಾಮಾನ್ಯ ಇಂಡಿಯಾ ಮಾರ್ಕ್ 2 ಪಂಪು ಸುಮಾರು 50 ಮೀಟರ್ ತನಕ ಮಾತ್ರ. ನೀರು ಅದಕ್ಕಿಂತ ಕೆಳಗಿದ್ದರೆ ಮೋಟರ್ ಬೇಕು. ಮೋಟರ್ ಬಂದರೆ ಕೇಬಲ್, ಸ್ಟಾರ್ಟರ್, ಮೀಟರ್, ತಿಂಗಳ ಬಿಲ್. ಅದನ್ನ ಯಾರು ಕಟ್ಟುತ್ತಾರೆ? ಗಾಡಿ ಕರೆಯುವ ಮೊದಲು ಇದಕ್ಕೆ ಉತ್ತರ ಇಟ್ಟುಕೊಳ್ಳಿ.

ನಿಂಬೆ ತೋಟ ಇಂಡಿ
ಇದೆಲ್ಲ ಸರ್ಕಾರದ ಕೆಲಸ. ಜಲ ಜೀವನ ಮಿಷನ್ ಶುರುವಾಗಿದ್ದು 2019ರ ಆಗಸ್ಟ್ 15ಕ್ಕೆ. ಪ್ರತಿ ಮನೆಗೆ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಅಂತ ಗುರಿ. ಮೊದಲು 2024 ಅಂದರು, ಈಗ 2028ರವರೆಗೆ ಮುಂದೆ ಹಾಕಿದ್ದಾರೆ. ಹೆಣ್ಣುಮಕ್ಕಳು ರೊಟ್ಟಿ ಬಡಿದು ಬಾವಿ ತೋಡಿಸಿದರೆ ಅಧಿಕಾರಿಗಳು ಕೈತೊಳೆದುಕೊಳ್ಳುತ್ತಾರೆ. ದುಡ್ಡು ಬ್ಯಾಂಕಿನಲ್ಲಿಡಿ, ಪಂಚಾಯಿತಿ ಮುಂದೆ ಖಾಲಿ ಕೊಡ ಇಟ್ಟು ಕೂಡಿ.

ರೊಟ್ಟಿ ಬುಟ್ಟಿ
ನಾನು ಆ 14ರಲ್ಲಿ ಒಬ್ಬಳು. ಖಾಲಿ ಕೊಡ ಇಟ್ಟು ಕೂತದ್ದೂ ಆಗಿದೆ ಅಣ್ಣಾ, ಎರಡು ಬೇಸಿಗೆ. ಮೂರು ಅರ್ಜಿ ಕೊಟ್ಟಿದ್ದೇವೆ, ಸ್ವೀಕೃತಿ ಚೀಟಿ ನನ್ನ ಹತ್ತಿರವೇ ಇದೆ. ನಾವು ಅರ್ಜಿ ಕೊಡುವುದನ್ನು ನಿಲ್ಲಿಸುವುದಿಲ್ಲ. ಅದು ಬರುವ ತನಕ ಆ ಹುಡುಗಿಯರು ಗಾಡಿ ತಳ್ಳುತ್ತಲೇ ಇರಬೇಕಾ?

ನಿಂಬೆ ತೋಟ ಇಂಡಿ
ತಳ್ಳಲಿ ಅಂತ ನಾನು ಹೇಳಲಿಲ್ಲ ಅಕ್ಕಾ. ಹಕ್ಕು ಬಿಟ್ಟುಕೊಡಬೇಡಿ ಅಂದೆ. ಮಾತು ಬಿರುಸಾಗಿದ್ದರೆ ಕ್ಷಮಿಸಿ.

ನಿವೃತ್ತ ಓವರ್ಸಿಯರ್
ಎರಡೂ ಒಟ್ಟಿಗೆ ಆಗುತ್ತದೆ. ಗ್ರಾಮ ಪಂಚಾಯಿತಿಯ ಕೆಳಗೆ ಊರಿಗೊಂದು ನೀರು ಮತ್ತು ನೈರ್ಮಲ್ಯ ಸಮಿತಿ ಇರಬೇಕು. ಅದರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳು ಇರಬೇಕು. ಐದು ಜನ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಮಾಡುವ ಕಿಟ್ ಕೊಟ್ಟು ತರಬೇತಿ ಕೊಡಬೇಕು ಅಂತಲೂ ಇದೆ. ಆ ಐವರು ಯಾರು ಅಂತ ನಿಮ್ಮ ಊರಿನಲ್ಲಿ ಕೇಳಿ. ಕಿಟ್ ಎಲ್ಲೋ ಕಪಾಟಿನಲ್ಲಿ ಕೂತಿರುತ್ತದೆ.

ಇನ್ನೊಂದು. ಊರಿಗೆ ನೀರು ಕೊಡುವ ಸಾರ್ವಜನಿಕ ಬಾವಿ ಅಥವಾ ಬೋರಿನಿಂದ 500 ಮೀಟರ್ ಒಳಗೆ ಹೊಸದಾಗಿ ಕೊರೆಸಬೇಕಾದರೆ ಪರವಾನಗಿ ಬೇಕು. ಕುಡಿಯುವ ನೀರಿನ ಮೂಲ ಕಾಯಲೆಂದು 1999ರ ಅಧಿನಿಯಮವೇ ಇದೆ. ರೈತರ ಹೊಲ ಎಷ್ಟು ದೂರದಲ್ಲಿದೆ ಅಂತ ಅಳೆಯಿರಿ.

ಹುನಗುಂದ ಟೀಚರ್
ಬೋರೋ ಬಾವಿಯೋ ಅನ್ನುವ ಮೊದಲು ನೀರು ಪರೀಕ್ಷೆ ಮಾಡಿಸಿ. ದಯವಿಟ್ಟು.

ನಾನು ಪಾಠ ಹೇಳುವ ಶಾಲೆಯಲ್ಲಿ ಮಕ್ಕಳು ನಕ್ಕರೆ ಹಲ್ಲಿನ ಮೇಲೆ ಕಂದು ಗೆರೆ ಕಾಣುತ್ತವೆ. ಕೆಲವರು ಫೋಟೋ ತೆಗೆಯುವಾಗ ಬಾಯಿ ಮುಚ್ಚಿಕೊಳ್ಳುತ್ತಾರೆ. ಎಂಟನೇ ತರಗತಿಯ ಒಬ್ಬಳು ಅಂಗೈಯಲ್ಲಿ ಬಾಯಿ ಮುಚ್ಚಿಕೊಂಡೇ ಪದ್ಯ ಹೇಳುತ್ತಾಳೆ. ಅದು ಹಲ್ಲು ತಿಕ್ಕದೆ ಬಂದ ಕಲೆ ಅಲ್ಲ, ಫ್ಲೋರೈಡ್. ಹಲ್ಲು ಒಳಗೆ ಬೆಳೆಯುವ ವಯಸ್ಸಿನಲ್ಲೇ ಅಂಟಿಕೊಳ್ಳುತ್ತದೆ, ಆಮೇಲೆ ತಿಕ್ಕಿದರೆ ಹೋಗುವುದಿಲ್ಲ. ವರ್ಷಗಟ್ಟಲೆ ಜಾಸ್ತಿ ಪ್ರಮಾಣದಲ್ಲಿ ಕುಡಿದರೆ ಮೂಳೆ, ಕೀಲು ಬಿಗಿಯುತ್ತವೆ.

ಭಾರತೀಯ ಮಾನಕದಲ್ಲಿ ಫ್ಲೋರೈಡ್ ಲೀಟರಿಗೆ 1 ಮಿಲಿಗ್ರಾಂ ತನಕ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5 ತನಕ. ನೈಟ್ರೇಟ್ 45 ದಾಟಬಾರದು. ಕರಗಿದ ಲವಣ 500ರ ಒಳಗಿದ್ದರೆ ಒಳ್ಳೆಯದು, ಗತಿಯಿಲ್ಲದಿದ್ದರೆ 2,000 ತನಕ.

ಬೇಳೆ ಸಾರು
ನಮ್ಮಜ್ಜಿ ಬೇಳೆ ಬೇಯಿಸಿ ನೋಡಿಯೇ ನೀರಿನ ಗುಣ ಹೇಳುತ್ತಿದ್ದರು. ಬೇಳೆ ಹೂವಿನಂತೆ ಅರಳಿದರೆ ಸಿಹಿ ನೀರು. ಲ್ಯಾಬ್ ಯಾಕೆ ಬೇಕು?

ಹುನಗುಂದ ಟೀಚರ್
ಅಜ್ಜಿ ಹೇಳಿದ್ದು ಗಡಸುತನಕ್ಕೆ ಸರಿ. ಬೇಳೆ ಬೇಯದಿದ್ದರೆ ಸುಣ್ಣದಂಶ ಜಾಸ್ತಿ. ಆದರೆ ಫ್ಲೋರೈಡಿಗೆ ರುಚಿ ಇಲ್ಲ, ವಾಸನೆ ಇಲ್ಲ, ಬಣ್ಣ ಇಲ್ಲ. ಬೇಳೆ ಚೆನ್ನಾಗಿ ಬೆಂದ ನೀರಿನಲ್ಲೂ ಇರಬಹುದು. ಕಾಯಿಸಿದರೂ ಹೋಗುವುದಿಲ್ಲ. ನೀರು ಆವಿಯಾಗಿ ಫ್ಲೋರೈಡ್ ಮಾತ್ರ ಉಳಿದು ಇನ್ನೂ ಗಟ್ಟಿಯಾಗುತ್ತದೆ.

ಬೇಳೆ ಸಾರು
ಕಾಯಿಸಿದರೆ ಎಲ್ಲ ಹೋಗುತ್ತದೆ ಅಂತಲೇ ಇಷ್ಟು ದಿನ ಅಂದುಕೊಂಡಿದ್ದೆ. ತಿಳಿಸಿದ್ದಕ್ಕೆ ಧನ್ಯವಾದ ಟೀಚರ್.

ತೆಂಗಿನಕಾಯಿ ಪಾಯಿಂಟ್
ಬೋರ್ ಹಾಕಿಸುವುದಾದರೆ ನನಗೆ ಹೇಳಿ. ಅಂಗೈ ಮೇಲೆ ಕಾಯಿ ಇಟ್ಟುಕೊಂಡು ಪಾಯಿಂಟ್ ತೋರಿಸುತ್ತೇನೆ. ಕಾಯಿ ಎದ್ದು ನಿಂತ ಕಡೆ ನೀರು.

ಬೋರ್ ಗಾಡಿ
ಅಣ್ಣಾ, ಕಾಯಿ ಎದ್ದ ಕಡೆಯೂ ಧೂಳು ಹಾರಿದ್ದನ್ನು ಎಷ್ಟೋ ಸಲ ಕಣ್ಣಾರೆ ಕಂಡಿದ್ದೇನೆ. ರೈತ ಗಾಡಿ ಚಕ್ರಕ್ಕೆ ಒರಗಿ ಕೂತು ಅತ್ತದ್ದನ್ನೂ ಕಂಡಿದ್ದೇನೆ. ಭೂಗರ್ಭ ತಿಳಿದವರನ್ನು ಕರೆಸಿ, ನೆಲಕ್ಕೆ ಕರೆಂಟ್ ಬಿಟ್ಟು ನೋಡುವ ವಿದ್ಯುತ್ ನಿರೋಧ ಪರೀಕ್ಷೆ ಮಾಡಿಸುವುದೇ ಮೇಲು. ಅದರಲ್ಲೂ ಗ್ಯಾರಂಟಿ ಇಲ್ಲ, ಆದರೆ ಕಲ್ಲಿನ ಪದರ ಹೇಗಿದೆ ಅಂತ ಒಂದಿಷ್ಟು ತಿಳಿಯುತ್ತದೆ.

ತೆಂಗಿನಕಾಯಿ ಪಾಯಿಂಟ್
ನಮ್ಮ ಅಪ್ಪನ ಕಾಲದಿಂದ ಮಾಡಿಕೊಂಡು ಬಂದಿದ್ದೇವೆ. ನಂಬಿದವರಿಗೆ ನೀರು ಸಿಕ್ಕಿದೆ.

ಕರಿಕಲ್ಲು
ಭೂವಿಜ್ಞಾನ ಓದಿದವನು ನಾನು. ವಿಜಯಪುರ ಜಿಲ್ಲೆಯ ಬಹುಪಾಲು ಕರಿಕಲ್ಲಿನ ಮೇಲೆ ಕೂತಿದೆ. ಲಾವಾ ಒಂದರ ಮೇಲೊಂದು ಹರಿದು ಆರಿದ್ದು, ರೊಟ್ಟಿ ಪೇರಿಸಿಟ್ಟ ಹಾಗೆ. ಒಂದೊಂದು ಪದರದ ಮೇಲ್ಭಾಗ ಗುಳ್ಳೆಗುಳ್ಳೆಯಾಗಿ, ಶಿಥಿಲವಾಗಿ ಇರುತ್ತದೆ. ನೀರು ನಿಲ್ಲುವುದು ಅಲ್ಲಿ. ನಡುವಿನ ಗಟ್ಟಿ ಬಂಡೆಯಲ್ಲಿ ಬಿರುಕು ಸಿಕ್ಕರೆ ಉಂಟು, ಇಲ್ಲದಿದ್ದರೆ ಇಲ್ಲ. ಹಿಂದಿನವರು 30–40 ಅಡಿಯ ಅಗಲ ಬಾವಿ ತೋಡಿದ್ದು ಇದಕ್ಕೇ. ಸುತ್ತಲಿನ ಶಿಥಿಲ ಪದರದ ಒರತೆಯೆಲ್ಲ ಅದರೊಳಗೆ ಬಂದು ಕೂಡುತ್ತದೆ. ನನ್ನ ಮತ ಹಳೆ ಬಾವಿಗೆ.

ಒಂದು ಎಚ್ಚರಿಕೆ ಇದೆ. ಆಳದ ನೀರು ಕಲ್ಲಿನ ಜೊತೆ ಬಹಳ ಕಾಲ ಇರುವುದರಿಂದ ಅದರಲ್ಲಿ ಫ್ಲೋರೈಡ್ ಜಾಸ್ತಿ ಇರುವ ಸಾಧ್ಯತೆ ಇದೆ. ಮೇಲಿನ ಬಾವಿಗೆ ಆ ಅಪಾಯ ಕಡಿಮೆ, ಬದಲಿಗೆ ತಿಪ್ಪೆ, ಶೌಚದ ಗುಂಡಿಯ ಹೊಲಸು ಬೇಗ ಇಳಿಯುತ್ತದೆ.

ಗೋಳಗುಮ್ಮಟ ಕಟ್ಟೆ
ಹಳೆ ಬಾವಿ ಅಂದಾಗ ನೆನಪಾಯಿತು. ನಮ್ಮ ವಿಜಯಪುರದ ತಾಜ್ ಬಾವಡಿ ನೋಡಿದ್ದೀರಾ? ಎರಡನೇ ಇಬ್ರಾಹಿಂ ಆದಿಲ್‌ಶಾಹ 1620ರಲ್ಲಿ ತನ್ನ ರಾಣಿ ತಾಜ್ ಸುಲ್ತಾನಾಳ ನೆನಪಿಗೆ ನಿಂತು ಕಟ್ಟಿಸಿದ. ತೊರವಿಯಿಂದ ನೆಲದೊಳಗೆ ಸುರಂಗ ಕೊರೆದು ಊರಿಗೆ ನೀರು ತಂದವರು ಆದಿಲ್‌ಶಾಹಿಗಳು.

ತೊರವಿ ಹಾದಿ
ತಿದ್ದುಪಡಿ. ತಾಜ್ ಬಾವಡಿ ಕಟ್ಟಿಸಿದ ಶ್ರೇಯ ಮಲಿಕ್ ಸಂದಲ್‌ಗೆ ಸಲ್ಲುತ್ತದೆ. ರಾಣಿಯ ಹೆಸರಿನದ್ದು ಅನ್ನುವುದು ಸರಿ. ಬೇಗಂ ತಾಲಾಬ್ ಕೆರೆ ಆಮೇಲಿನದು, 1651ರಲ್ಲಿ ಮೊಹಮ್ಮದ್ ಆದಿಲ್‌ಶಾಹನ ಕಾಲದಲ್ಲಿ ಆದದ್ದು. ಊರೊಳಗೆ ಅಲ್ಲಲ್ಲಿ ಕಾಣುವ ಕಲ್ಲಿನ ಗಂಜುಗಳು ಕೊಳವೆ ನೀರಿನ ಒತ್ತಡ ತಗ್ಗಿಸಲು, ಕೆಸರು ತಳದಲ್ಲಿ ಕೂರಲು ಕಟ್ಟಿದ್ದು. ಕೆಲವರು ಅವನ್ನ ಕಾವಲು ಗೋಪುರ ಅಂದುಕೊಳ್ಳುತ್ತಾರೆ.

ಕುಂದಾ ಬೆಳಗಾವಿ
ನಮ್ಮಲ್ಲೂ ಕಾಂಗ್ರೆಸ್ ಬಾವಿ ಇದೆ! 1924ರ ಡಿಸೆಂಬರ್‌ನಲ್ಲಿ ಗಾಂಧೀಜಿ ಅಧ್ಯಕ್ಷರಾಗಿದ್ದ ಅಧಿವೇಶನಕ್ಕೆ ಬಂದವರಿಗೆ ನೀರು ಬೇಕು ಅಂತ ಟಿಳಕವಾಡಿಯಲ್ಲಿ ತೋಡಿಸಿದ್ದು. ಆಗ ₹4,370 ಖರ್ಚಾಯಿತಂತೆ. ಹೆಸರು ಪಂಪಾ ಸರೋವರ. ಒಂದು ಸಭೆಗೆ ತೋಡಿದ ಬಾವಿ ನೂರು ವರ್ಷ ಆದಮೇಲೂ ಇದೆ. ಬಾವಿ ಅಂದರೆ ಹಾಗೆ, ಬೋರ್ ಹತ್ತು ವರ್ಷಕ್ಕೆ ಬತ್ತುತ್ತದೆ.

ಬೋರ್ ಗಾಡಿ
ಬೆಳಗಾವಿ ಮಳೆ ಬೇರೆ, ಡೋಣಿ ಸೀಮೆ ಮಳೆ ಬೇರೆ ಅಣ್ಣಾ. ಅಲ್ಲಿನ ಬಾವಿ ತೋರಿಸಿ ಇಲ್ಲಿನವರಿಗೆ ಆಸೆ ಹುಟ್ಟಿಸಬೇಡಿ.

ಗಾಲಿ ಹಗ್ಗ
ದಯವಿಟ್ಟು ಒಂದು ವಿಷಯ ಕೇಳಿ. ಯಾರೂ ಎತ್ತಲಿಲ್ಲ ಅಂತ ಬರೆಯುತ್ತಿದ್ದೇನೆ. ಆ ರೈತರ ಹೊಲದಲ್ಲಿ ಬೋರ್ ಹಾಕಿಸಬೇಡಿ.

ನಮ್ಮೂರು ಬಾಗಲಕೋಟೆ ಜಿಲ್ಲೆಯಲ್ಲಿ. ಹನ್ನೊಂದು ವರ್ಷದ ಹಿಂದೆ ನಮ್ಮ ಸ್ವಸಹಾಯ ಸಂಘದವರು ವಾರಕ್ಕೆ ಹತ್ತು ರೂಪಾಯಿಯಂತೆ ಕಟ್ಟಿ, ಬನಶಂಕರಿ ಜಾತ್ರೆಯಲ್ಲಿ ಚುರುಮುರಿ ಅಂಗಡಿ ಇಟ್ಟು ದುಡ್ಡು ಕೂಡಿಸಿದೆವು. ಒಬ್ಬ ದೊಡ್ಡ ಹಿಡುವಳಿದಾರರು "ನನ್ನ ಹೊಲದ ಮೂಲೆಯಲ್ಲಿ ಹಾಕಿಸಿ, ದೇವರ ಕೆಲಸ" ಎಂದರು. ನಾವು ಕಾಗದ ಕೇಳಲಿಲ್ಲ. ಕೇಳಿದರೆ ಅವರಿಗೆ ಅವಮಾನ ಅಂದುಕೊಂಡೆವು. 260 ಅಡಿಗೆ ನೀರು ಚಿಮ್ಮಿತು, ಸಿಹಿ ನೀರು. ಅವತ್ತು ಎಲ್ಲರೂ ಸೇರಿ ಗಂಗಮ್ಮನ ಉಡಿ ತುಂಬಿದೆವು.

ಎರಡು ವರ್ಷ ಚೆನ್ನಾಗಿತ್ತು. ಮೂರನೇ ವರ್ಷ ಮಳೆ ಹೋಯಿತು. ಅವರ ಕಬ್ಬು ಒಣಗತೊಡಗಿತು. ಒಂದು ಬೆಳಗ್ಗೆ ಹೋದರೆ ಮೋಟರ್ ಡಬ್ಬಿಗೆ ಬೀಗ. ಬೀಗ ಹಿತ್ತಾಳೆಯದು, ಹೊಸದು, ಬಿಸಿಲಿಗೆ ಹೊಳೆಯುತ್ತಿತ್ತು. ಅದೊಂದು ಇನ್ನೂ ಕಣ್ಣಿಗೆ ಕಟ್ಟಿದಂತಿದೆ. "ಹೊಲ ನಂದು, ನೀರು ನಂದು" ಎಂದರು. ನಮ್ಮ ಕೈಯಲ್ಲಿ ಏನಿತ್ತು? ಗಾಡಿಯವರ ಬಿಲ್ ಇತ್ತು, ಅದೂ ಅವರ ಹೆಸರಿಗೇ ಇತ್ತು. ಇವತ್ತಿಗೂ ಆ ನೀರು ಕಬ್ಬಿಗೆ ಹೋಗುತ್ತದೆ. ನನ್ನ ಅತ್ತೆ ಆ ಹೊಲದ ದಾರಿ ಹಿಡಿಯುವುದಿಲ್ಲ, ಸುತ್ತಿಕೊಂಡು ಹೋಗುತ್ತಾರೆ.

ಕೊಟ್ಟವರು ಒಳ್ಳೆಯವರೇ ಇರಬಹುದು. ಅವರ ಮಗ ಹೇಗೋ, ಸೊಸೆ ಹೇಗೋ, ಹೊಲ ಮಾರಿದರೆ ಕೊಂಡವರು ಹೇಗೋ. ಜಾಗ ಪಂಚಾಯಿತಿ ಹೆಸರಿಗೆ ನೋಂದಣಿ ಆಗದಿದ್ದರೆ ಒಂದು ರೂಪಾಯಿಯನ್ನೂ ಹಾಕಬೇಡಿ.

ರೊಟ್ಟಿ ಬುಟ್ಟಿ
ಓದಿ ಕೈ ನಡುಗಿತು. ನಾನು ಬೋರಿನ ಪರ ಇದ್ದೆ. ನಾವೂ ಕಾಗದ ಕೇಳಿಲ್ಲ.

ಸಿಂದಗಿ ಹುಡುಗ
ಎಲ್ಲ ರೈತರೂ ಹಾಗಿರುವುದಿಲ್ಲ. ನಮ್ಮ ಅಪ್ಪನ ಬಾವಿಯಿಂದ ಅರ್ಧ ಊರು ಕುಡಿಯುತ್ತದೆ. ಒಂದು ದಿನವೂ ಬೇಡ ಅಂದಿಲ್ಲ.

ಗಾಲಿ ಹಗ್ಗ
ನಿಮ್ಮ ಅಪ್ಪನಿಗೆ ನನ್ನ ನಮಸ್ಕಾರ ತಮ್ಮಾ. ಆದರೆ ಊರಿನ ನೀರು ಒಬ್ಬರ ಒಳ್ಳೆಯತನದ ಮೇಲೆ ನಿಲ್ಲಬಾರದು.

ಕೇರಿಯಿಂದ
ನಾನೂ ಒಂದು ಕೇಳಬೇಕು. 62 ಮನೆಯಲ್ಲಿ ನಮ್ಮವರ ಮನೆ ಎಷ್ಟು? ಆ ಹಳೆ ಬಾವಿ ಊರ ನಡುವೆ ಇದೆ ಎಂದಿರಿ. ಅಲ್ಲಿ ಯಾರು ಹಗ್ಗ ಬಿಡುತ್ತಿದ್ದರು, ಯಾರು ಕೈ ಒಡ್ಡಿ ನಿಲ್ಲುತ್ತಿದ್ದರು? ನನ್ನ ಅವ್ವ ಬಾವಿ ಕಟ್ಟೆಯಿಂದ ನಾಲ್ಕು ಮಾರು ದೂರ ಕೊಡ ಇಟ್ಟು, ಯಾರಾದರೂ ಬಂದು ಸುರಿಯಲಿ ಅಂತ ಕಾಯುತ್ತಿದ್ದಳು. ಹೊತ್ತು ಏರಿದರೂ ಕಾಯುತ್ತಿದ್ದಳು. ನೀವು ಆ ಬಾವಿಯನ್ನೇ ಮತ್ತೆ ತೆಗೆಸಿದರೆ ಆ ಪದ್ಧತಿಯೂ ಮೇಲೆ ಬರುತ್ತದಾ?

ನಿಂಬೆ ತೋಟ ಇಂಡಿ
ಈಗ ಯಾರು ಅದನ್ನೆಲ್ಲ ಮಾಡುತ್ತಾರೆ? ಕಾಲ ಬದಲಾಗಿದೆ.

ಕೇರಿಯಿಂದ
ನಲ್ಲಿ ಬಂದಮೇಲೆ ಬದಲಾದಂತೆ ಕಾಣುತ್ತದೆ, ಯಾಕೆಂದರೆ ನಲ್ಲಿ ಬೇರೆ ಬೇರೆ. ಒಂದೇ ಕಟ್ಟೆಗೆ ಬಂದಾಗ ಗೊತ್ತಾಗುತ್ತದೆ.

ಡೋಣಿ ದಂಡೆ
ಕೇಳಿದ್ದು ಒಳ್ಳೆಯದಾಯಿತು. 19 ಮನೆ. ಸಣ್ಣವಳಿದ್ದಾಗ ನಾನೂ ಆ ಕಟ್ಟೆಯ ಮೇಲೆ ನಿಂತು ನೀರು ಸೇದಿದವಳು. ದೂರದಲ್ಲಿ ಕೊಡ ಇಟ್ಟು ನಿಂತವರನ್ನು ನೋಡಿದ್ದೇನೆ. ಆಗ ಅದು ತಪ್ಪು ಅಂತ ನನಗೆ ಹೊಳೆಯಲೇ ಇಲ್ಲ. ಇದು ಬಸವಣ್ಣನವರು ಹುಟ್ಟಿದ ತಾಲೂಕು. ಒಂದೇ ಕಟ್ಟೆ, ಎಲ್ಲರ ಹಗ್ಗವೂ ಒಂದೇ ಗಾಲಿಯ ಮೇಲೆ. ಇದಕ್ಕೆ ಊರು ಒಪ್ಪದಿದ್ದರೆ ನಮ್ಮ ದುಡ್ಡು ಬರುವುದಿಲ್ಲ. 14 ಜನರನ್ನೂ ಕೇಳಿಯೇ ಇದನ್ನ ಬರೆಯುತ್ತಿದ್ದೇನೆ.

ಗಾಲಿ ಹಗ್ಗ
ಅದನ್ನ ಠರಾವಿನಲ್ಲಿ ಬರೆಸಿ. ಬಾಯಿ ಮಾತು ಬೇಡ.

ಮಳೆ ಲೆಕ್ಕ
ಮಳೆ ನೀರನ್ನು ಯಾಕೆ ಮರೆತಿರಿ? ನಮ್ಮ ಕಡೆ ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ. ಕಡಿಮೆ ಹಿಡಿದು 500 ಅನ್ನೋಣ. ಶಾಲೆಯ ಛಾವಣಿ 100 ಚದರ ಮೀಟರ್ ಇದ್ದರೆ 50,000 ಲೀಟರ್ ಬೀಳುತ್ತದೆ. ಸೋರಿದ್ದು, ಮೊದಲ ಮಳೆಯಲ್ಲಿ ಧೂಳು ತೊಳೆದು ಬಿಟ್ಟದ್ದು ಕಳೆದರೂ 40,000 ಸಿಗುತ್ತದೆ. ಐದು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರ್ ಹಿಡಿದರೆ ವರ್ಷಕ್ಕೆ ಸುಮಾರು 11,000. ಮೂರು ಮನೆಗೆ ವರ್ಷವಿಡೀ ಸಾಕು, ಅಥವಾ ಶಾಲೆಯ ಮಕ್ಕಳಿಗೆ ಕುಡಿಯಲು. ಫ್ಲೋರೈಡಿನ ಭಯವೂ ಇಲ್ಲ.

ನಿವೃತ್ತ ಓವರ್ಸಿಯರ್
ಲೆಕ್ಕ ಸರಿ. 40,000 ಲೀಟರ್ ಹಿಡಿಯುವ ಟಾಕಿ ಕಟ್ಟಿಸಲು ಅವರ ಹತ್ತಿರ ಇರುವ ದುಡ್ಡೆಲ್ಲ ಹೋಗುತ್ತದೆ. ಶಾಲೆಗೆ 5,000 ಲೀಟರಿನದು ಒಂದು ಇಡಬಹುದು. ಛಾವಣಿಯ ಉಳಿದ ನೀರನ್ನು ಜಲ್ಲಿ, ಮರಳಿನ ಗುಂಡಿಯಲ್ಲಿ ಸೋಸಿ ಹಳೆ ಬಾವಿಯ ಪಕ್ಕದ ನೆಲಕ್ಕೇ ಇಂಗಿಸಿ.

ದುಬೈ ಅಣ್ಣ
ನಮ್ಮ ತಾಯಿ ಬಾಗೇವಾಡಿಯವರು. ₹25,000 ಕಳಿಸಬೇಕು ಅಂತಿದೆ. ಹೊರದೇಶದಿಂದ ಕಳಿಸಿದರೆ ನಿಮಗೆ ಕಾನೂನಿನ ತೊಂದರೆ ಆಗುತ್ತದಾ?

ಲೆಕ್ಕಪತ್ರ
ನಿಮ್ಮದು ಭಾರತದ ಪಾಸ್‌ಪೋರ್ಟ್ ಆಗಿದ್ದು, ಸ್ವಂತ ದುಡಿಮೆಯ ಹಣವನ್ನು ಬ್ಯಾಂಕ್ ಮೂಲಕ ಕಳಿಸಿದರೆ ಅದು ವಿದೇಶಿ ದೇಣಿಗೆ ಆಗುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಟ್ಟರೆ ಆಗುತ್ತದೆ. ಅದಕ್ಕೆ ನೋಂದಣಿ ಬೇಕು, ಆ ತಂಟೆಗೆ ಹೋಗಬೇಡಿ. ಅಕ್ಕೋರೆ, ಖಾತೆ ಒಬ್ಬರ ಹೆಸರಿನಲ್ಲಿದೆಯಾ? ಮೂವರ ಜಂಟಿ ಖಾತೆ ಮಾಡಿಸಿ. ಇಬ್ಬರ ಸಹಿ ಇಲ್ಲದೆ ದುಡ್ಡು ತೆಗೆಯಲು ಬರಬಾರದು. ಒಂದೊಂದು ಖರ್ಚನ್ನೂ ಊರ ಗುಡಿಯ ಗೋಡೆಗೆ ಅಂಟಿಸಿ.

ಡೋಣಿ ದಂಡೆ
ಈಗ ನನ್ನ ಹೆಸರಿನಲ್ಲಿದೆ. ಸೋಮವಾರವೇ ಬದಲಿಸುತ್ತೇವೆ. ದುಬೈ ಅಣ್ಣಾ, ಖಾತೆ ಬದಲಾದಮೇಲೆ ಹೇಳುತ್ತೇನೆ, ಅಲ್ಲಿತನಕ ತಡೆಯಿರಿ.

ಲಚ್ಯಾಣ ದಾರಿ
ಬೋರ್ ಹಾಕಿಸುವವರು ಇದ್ದರೆ ಓದಿ. 2024ರ ಏಪ್ರಿಲ್‌ನಲ್ಲಿ ಇಂಡಿ ತಾಲೂಕಿನ ಲಚ್ಯಾಣದಲ್ಲಿ ಬೋರಿಗೆ ಬಿದ್ದ ಕೂಸನ್ನು ಸುಮಾರು 20 ತಾಸಿನ ನಂತರ ಜೀವಂತ ಹೊರತೆಗೆದರು. ರಾತ್ರಿಯೆಲ್ಲ ನಮ್ಮ ಮನೆಯಲ್ಲಿ ಯಾರೂ ಮಲಗಲಿಲ್ಲ. 2014ರಲ್ಲಿ ಬಾಗಲಕೋಟೆ ಜಿಲ್ಲೆಯ ಸೂಳಿಕೇರಿಯಲ್ಲಿ, 2017ರಲ್ಲಿ ಅಥಣಿ ತಾಲೂಕಿನ ಝುಂಜರವಾಡದಲ್ಲಿ ಮಕ್ಕಳು ಉಳಿಯಲಿಲ್ಲ. ಕೊರೆಯುವ ಮುಂಚೆ ತಿಳಿಸಬೇಕು, ಬೇಲಿ ಹಾಕಬೇಕು, ಬಾಯಿಗೆ ಮುಚ್ಚಳ ಬಿಗಿಯಬೇಕು, ನೀರು ಬರದಿದ್ದರೆ ತುಂಬಿಸಬೇಕು ಅಂತ ಸುಪ್ರೀಂ ಕೋರ್ಟ್ 2010ರಲ್ಲೇ ಹೇಳಿದೆ. ನೀರು ಬೀಳದ ಬೋರನ್ನು ಒಂದು ರಾತ್ರಿಯೂ ಹಾಗೇ ಬಿಡಬೇಡಿ.

ಕರಿಕಲ್ಲು
ಹಳೆ ಬಾವಿಗೂ ಒಂದು ಎಚ್ಚರಿಕೆ. ವರ್ಷಗಟ್ಟಲೆ ಕಸ ಕೊಳೆತ ಬಾವಿಯ ತಳದಲ್ಲಿ ಉಸಿರಾಡುವ ಗಾಳಿ ಇರುವುದಿಲ್ಲ. ಹಗ್ಗಕ್ಕೆ ಕಟ್ಟಿ ದೀಪ ಇಳಿಸಿ, ಆರಿದರೆ ಯಾರೂ ಇಳಿಯಬಾರದು. ಆರದಿದ್ದರೂ ವಿಷಗಾಳಿ ಇರಬಹುದು, ಅದಕ್ಕೆ ದೀಪವೊಂದನ್ನೇ ನಂಬಬೇಡಿ. ಬ್ಲೋವರ್‌ನಿಂದ ಗಾಳಿ ಊದಿಸಿ, ಇಳಿಯುವವರ ಸೊಂಟಕ್ಕೆ ಹಗ್ಗ ಕಟ್ಟಿಯೇ ಇಳಿಸಿ.

ನಿವೃತ್ತ ಓವರ್ಸಿಯರ್
ಹೂಳಿನ ಅಂದಾಜು ಹೇಳುತ್ತೇನೆ. 16 ಅಡಿ ಅಗಲ, 18 ಅಡಿ ಹೂಳು ಅಂದರೆ ಸುಮಾರು 36 ಬ್ರಾಸ್. ಒಂದು ಬ್ರಾಸ್ ಅಂದರೆ 100 ಘನ ಅಡಿ. ಬಾವಿ ತೆಗೆಯುವ ಕ್ರೇನಿನವರನ್ನು ಕರೆದು ಬ್ರಾಸ್ ಲೆಕ್ಕದಲ್ಲಿ ದರ ಗೊತ್ತು ಮಾಡಿ, ದಿನದ ಲೆಕ್ಕ ಬೇಡ. ಸುತ್ತ ಮೂರಡಿ ಗೋಡೆ, ಹೊರಗೆ ಇಳಿಜಾರಿನ ಸಿಮೆಂಟ್ ಕಟ್ಟೆ, ಚೆಲ್ಲಿದ ನೀರು ಹೋಗಲು ಗಟಾರ, ಮೇಲೆ ಜಾಲರಿ. ಶೌಚದ ಗುಂಡಿ 15 ಮೀಟರ್ ಒಳಗೆ ಇರಬಾರದು.

ಮೊದಲು ಅಕ್ಕಪಕ್ಕದ, ಅದೇ ಆಳದ ಬಾವಿ ಯಾವುದಾದರೂ ಇದ್ದರೆ ಅದರ ನೀರನ್ನು ಪರೀಕ್ಷೆಗೆ ಕಳಿಸಿ. ಕಸ ತುಂಬಿದ ಬಾವಿಯ ನೀರು ಈಗ ಏನೂ ಹೇಳುವುದಿಲ್ಲ.

ಡೋಣಿ ದಂಡೆ
ಐದು ವಾರ ಆಯಿತು, ಏನೂ ಬರೆದಿರಲಿಲ್ಲ. ಈಗ ಬರೆಯುತ್ತೇನೆ.

ಕಿಟ್ ಪಂಚಾಯಿತಿ ಕಪಾಟಿನಲ್ಲೇ ಇತ್ತು! ಬಿಲ್ ಪುಸ್ತಕಗಳ ಹಿಂದೆ. ಐದು ಜನರ ಹೆಸರೂ ಪಟ್ಟಿಯಲ್ಲಿತ್ತು, ಅದರಲ್ಲಿ ಒಬ್ಬಳು ನನ್ನ ಚಿಕ್ಕವ್ವನ ಸೊಸೆ. ಅವಳಿಗೇ ಗೊತ್ತಿರಲಿಲ್ಲ. ಆಮೇಲೆ ಮೂರು ಕಡೆಯ ನೀರನ್ನು ಬಾಟಲಿಯಲ್ಲಿ ತುಂಬಿ ಲ್ಯಾಬಿಗೂ ಕೊಟ್ಟೆವು. ರೈತರ ಹೊಲದ ಪಕ್ಕದ ಬೋರಿನಲ್ಲಿ ಫ್ಲೋರೈಡ್ 2.3. ಹಳೆ ಬಾವಿಯಿಂದ ಮುನ್ನೂರು ಹೆಜ್ಜೆ ದೂರದ ಬಾವಿಯಲ್ಲಿ 0.8, ಕರಗಿದ ಲವಣ 1,100. ಆದರೆ ಅಲ್ಲಿ ನೈಟ್ರೇಟ್ 52.

ಹೊಲಸಿನ ಪರೀಕ್ಷೆಯ ಸಣ್ಣ ಶೀಶೆಯನ್ನು ಚಿಕ್ಕವ್ವನ ಸೊಸೆ ತುಳಸಿಕಟ್ಟೆಯ ಮೇಲಿಟ್ಟಿದ್ದಳು. ಮರುದಿನ ನಸುಕಿನಲ್ಲಿ ನೋಡಿದರೆ ಒಳಗಿನ ನೀರು ಕಾಡಿಗೆಯಂತೆ ಕಪ್ಪು. ಕಪ್ಪಾದರೆ ನೀರಿನಲ್ಲಿ ಹೊಲಸಿನ ಕ್ರಿಮಿ ಇದೆ ಅಂತ ಅರ್ಥ. ಊರ ಹೆಂಗಸರೆಲ್ಲ ಬಂದು ನೋಡಿ ಹೋದರು. ನಾನು ವರ್ಷವಿಡೀ ಮಾತಾಡಿದರೂ ತಿಳಿಯದ್ದು ಆ ಶೀಶೆಯಿಂದ ತಿಳಿಯಿತು. ಬಾವಿಯ ಸುತ್ತ ಏಳು ತಿಪ್ಪೆ ಇವೆ. ನೈಟ್ರೇಟೂ ಅಲ್ಲಿಂದಲೇ ಇಳಿಯುತ್ತಿರಬೇಕು ಅಂತ ಓವರ್ಸಿಯರ್ ಅಣ್ಣ ಫೋನಿನಲ್ಲಿ ಹೇಳಿದರು.

ಗ್ರಾಮಸಭೆ ಆಯಿತು. ಹಳೆ ಬಾವಿ ಅಂತ ತೀರ್ಮಾನ. ಬಾವಿ ಇರುವುದು ಗಾಂವಠಾಣ ಜಾಗದಲ್ಲಿ, ಯಾರ ಹೊಲವೂ ಅಲ್ಲ. ಇಬ್ಬರು ಎದ್ದು "ಗಾಲಿ ಎರಡು ಹಾಕಿಸೋಣ, ಗದ್ದಲ ಬೇಡ" ಎಂದರು. ನಮ್ಮ ರೊಟ್ಟಿ ಬುಟ್ಟಿಯವರು ಎದ್ದು ನಿಂತು "ಎರಡು ಗಾಲಿ ಬೇಕಿದ್ದರೆ ಎರಡೂ ಎಲ್ಲರಿಗೂ. ಇಲ್ಲದಿದ್ದರೆ ಡಿಡಿ ನನ್ನ ಸೆರಗಿನಲ್ಲೇ ವಾಪಸ್ ಹೋಗುತ್ತದೆ" ಎಂದರು. ಸಭೆ ತುಂಬ ಹೊತ್ತು ಸುಮ್ಮನಾಯಿತು. ಆಮೇಲೆ ಠರಾವಿನಲ್ಲಿ ಬರೆದರು. ನೀರು ಸಮಿತಿಗೆ ಕೇರಿಯ ಇಬ್ಬರು ಹೆಣ್ಣುಮಕ್ಕಳು ಬಂದರು. ಮನೆಗೆ ತಿಂಗಳಿಗೆ ₹20, ಅಂದರೆ ₹1,240, ಕಟ್ಟೆ ತೊಳೆಯಲು, ಬ್ಲೀಚಿಂಗ್ ಪುಡಿಗೆ, ರಿಪೇರಿಗೆ.

ಕೇರಿಯಿಂದ
ಠರಾವಿನ ಫೋಟೋ ಹಾಕಿ ಅಕ್ಕಾ. ಅವ್ವನಿಗೆ ಓದಿ ಹೇಳಬೇಕು.

ಡೋಣಿ ದಂಡೆ
ಹಾಕಿದ್ದೇನೆ ತಮ್ಮಾ, ನೋಡಿ. ಮೂರನೇ ಸಾಲು.

ಹುನಗುಂದ ಟೀಚರ್
ತಿಪ್ಪೆ ಎತ್ತಿದರಾ?

ರೊಟ್ಟಿ ಬುಟ್ಟಿ
ಆರು ಎತ್ತಿದರು. ಒಬ್ಬ ಅಜ್ಜಿ ಒಪ್ಪುತ್ತಿಲ್ಲ. ಅವರ ಎಮ್ಮೆ ಕಟ್ಟುವುದೂ ಅಲ್ಲೇ, ಬೇರೆ ಜಾಗ ಅವರಿಗೆ ಇಲ್ಲ. ಅವರ ಮೇಲೆ ಜೋರು ಮಾಡಲು ಮನಸ್ಸಿಲ್ಲ. ಪಂಚಾಯಿತಿಯಿಂದ ಊರಾಚೆ ಸಣ್ಣ ಜಾಗ ಕೇಳಿದ್ದೇವೆ.

ನಿವೃತ್ತ ಓವರ್ಸಿಯರ್
ಬ್ಲೀಚಿಂಗ್ ಪುಡಿ ಅಂದಾಜಿಗೆ ಸುರಿಯಬೇಡಿ. 16 ಅಡಿ ಅಗಲದ ಬಾವಿಯಲ್ಲಿ 15 ಅಡಿ ನೀರಿದ್ದರೆ ಸುಮಾರು 86,000 ಲೀಟರ್. ಸಾವಿರ ಲೀಟರಿಗೆ ಎರಡೂವರೆ ಗ್ರಾಂ ಲೆಕ್ಕದಲ್ಲಿ 215 ಗ್ರಾಂ. ಬಕೆಟ್ ನೀರಿನಲ್ಲಿ ಕಲಸಿ, ಸುಣ್ಣ ತಳಕ್ಕೆ ಕೂತಮೇಲೆ ತಿಳಿ ಮಾತ್ರ ಬಾವಿಗೆ ಇಳಿಸಿ. ಒಂದು ತಾಸು ಯಾರೂ ಸೇದಬಾರದು. ರಾತ್ರಿ ಹಾಕಿದರೆ ಒಳ್ಳೆಯದು. ಇದು ಕ್ರಿಮಿಗೆ ಮಾತ್ರ. ನೈಟ್ರೇಟ್ ಇದರಿಂದ ಹೋಗುವುದಿಲ್ಲ. ಹೂಳು ತೆಗೆದಾದ ಮೇಲೆ ಬಾವಿಯ ನೀರನ್ನೇ ಲ್ಯಾಬಿಗೆ ಕೊಡಿ, 45ರ ಒಳಗೆ ಇಳಿಯುವ ತನಕ ಕುಡಿಯಲು ಬಳಸಬೇಡಿ. ಅದರಲ್ಲೂ ಹಾಲು ಕುಡಿಯುವ ಕೂಸಿಗೆ ಆ ನೀರು ಬೇಡ.

ಡೋಣಿ ದಂಡೆ
ಬರೆದುಕೊಂಡೆ. 52 ಅಂತ ತಿಳಿದಮೇಲೆ ಕೂಸುಗಳಿಗೆ ಹೊಲದ ಬಾವಿಯ ನೀರನ್ನೇ ಕೊಡುತ್ತಿದ್ದಾರೆ.

ಸಂಕ್ರಮಣ ಮುಗಿದ ಮೇಲೆ ಕ್ರೇನ್ ಬಂತು. ನಿನ್ನೆಗೆ 29 ಬ್ರಾಸ್ ಹೊರಗೆ ಬಂದಿದೆ. 31 ಅಡಿಗೆ ಪೂರ್ವದ ಗೋಡೆಯಲ್ಲಿ ಕಲ್ಲಿನ ಸಂದಿಯಿಂದ ಒರತೆ ಕಂಡಿತು. ಬೆರಳು ದಪ್ಪದ ಧಾರೆ. ಕೆಳಗಿದ್ದ ಹುಡುಗ ಕೂಗಿದ್ದಕ್ಕೆ ಅರ್ಧ ಊರು ಕಟ್ಟೆಗೆ ಓಡಿ ಬಂತು, ಕೇರಿಯವರೂ ಬಂದರು. ಕ್ರೇನಿನವನು ಎಲ್ಲರನ್ನೂ ಹಿಂದೆ ಸರಿಸಬೇಕಾಯಿತು.

ಈಗ ಒಂದು ಸಹಾಯ ಬೇಕು. ತಳದ ಕೆಸರಿನಲ್ಲಿ ಹಳೆ ಕೊಡ, ಚರಿಗೆ ಬಹಳ ಇವೆ. ಕ್ರೇನಿನ ಬುಟ್ಟಿಗೆ ಸಿಗುತ್ತಿಲ್ಲ. ಯಾರ ಮನೆಯಲ್ಲಾದರೂ ಪಾತಾಳ ಗರಡಿ ಇದೆಯಾ? ಊರಲ್ಲಿ ಇದ್ದದ್ದನ್ನ ಮೋಡಕಾ ಅಂಗಡಿಗೆ ಹಾಕಿಬಿಟ್ಟಿದ್ದಾರೆ.

ಸಿಂದಗಿ ಹುಡುಗ
ಹಾಗಂದರೇನು?

ಬೇಳೆ ಸಾರು
ಬಾವಿಗೆ ಬಿದ್ದ ಕೊಡ ಎತ್ತುವ ಕಬ್ಬಿಣದ ಕೊಕ್ಕೆಗಳ ಗೊಂಚಲು ತಮ್ಮಾ. ಹಗ್ಗಕ್ಕೆ ಕಟ್ಟಿ ಇಳಿಸಿ ತಳದಲ್ಲಿ ಆಡಿಸಿದರೆ ಕೊಡದ ಕಂಠಕ್ಕೆ ಸಿಕ್ಕಿಕೊಳ್ಳುತ್ತದೆ. ಮುಂಚೆ ಓಣಿಗೊಂದು ಇರುತ್ತಿತ್ತು, ಕೇಳಿ ಒಯ್ದವರು ಅದೇ ಸಂಜೆ ತಂದು ಕೊಡಬೇಕಿತ್ತು.

ಅಕ್ಕೋರೆ, ನಮ್ಮ ಅಟ್ಟದ ಮೇಲೆ ಅಜ್ಜಿಯದು ಇದೆ. ಭಾನುವಾರ ಬೆಳಗಿನ ಬಾಗೇವಾಡಿ ಬಸ್ಸಿಗೆ ಕೊಟ್ಟು ಕಳಿಸುತ್ತೇನೆ. ಒಂದು ಕೊಕ್ಕೆ ಮುರಿದಿದೆ, ಬೆಸುಗೆ ಹಾಕಿಸಿಕೊಳ್ಳಿ.